ಹದಿನೇಳನೆಯ ಹಗ್ಗ

೧೫ ಜೂನ್ ೧೯೮೭, ಸೋಮವಾರ

ಕಾಲೇಜಿನ ಶಿಬಿರದ ಸಾಮಾನೆಲ್ಲ ಇವತ್ತಿನಿಂದ ನನ್ನ ಸುಪರ್ದಿಗೆ. ಇಪ್ಪತ್ತು ಝೋಲಾ, ನಲವತ್ತು ಹಗ್ಗ, ನಲವತ್ತು ಕಬ್ಬಿಣದ ಬಳೆ. ಝೋಲಾ ಅಂದರೆ ಎರಡು ಮರದ ನಡುವೆ ಕಟ್ಟಿ ಮಲಗುವ ದಪ್ಪ ಬಟ್ಟೆಯ ಜೋಲಿ. ಗುಡ್ಡದಲ್ಲಿ ಹಾವು ಚೇಳಿನ ಕಾಟ ಇದ್ದಲ್ಲಿ ಇದಕ್ಕಿಂತ ವಾಸಿಯಾದದ್ದು ಇಲ್ಲ. ಪ್ರಿನ್ಸಿಪಾಲರು ಕೀಲಿಕೈ ಕೊಡುತ್ತ, "ಲಗಮಣ್ಣ, ನೀವು ಲಷ್ಕರದಾಗ ಇದ್ದವ್ರು. ಹುಡುಗ್ರ ಜೀವ ಈ ಹಗ್ಗದ ಮ್ಯಾಲೆ ಇರತೈತಿ" ಅಂದರು. ನನಗೆ ಹೇಳಿಕೊಡಲು ಬಂದರು! ಹನ್ನೆರಡು ವರ್ಷ ಪಲ್ಟನ್ನಿನಲ್ಲಿ ಹಗ್ಗವನ್ನೇ ತಿಂದು ಹಗ್ಗವನ್ನೇ ಹೊದ್ದು ಮಲಗಿದವನು ನಾನು.

ಹಗ್ಗದ ಸುದ್ದಿ ರಜಿಸ್ಟರಿಗೆ. ಉಳಿದದ್ದನ್ನು ಈ ವಹಿಯಲ್ಲಿ ಬರೆದಿಡುತ್ತೇನೆ. ಪಲ್ಟನ್ನಿನಲ್ಲಿ ಅಂಟಿದ ಚಟ.

ಪ್ರತಿ ಹಗ್ಗಕ್ಕೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕಟ್ಟಿದೆ. ಪಲ್ಟನ್ನಿನಲ್ಲಿ ನನ್ನ ಉಸ್ತಾದ್ ಕಲಿಸಿದ ರೀತಿಯೇ ಇಲ್ಲೂ ನಡೆಯಬೇಕು. ಹಗ್ಗವನ್ನು ತುಳಿಯಬಾರದು. ಒದ್ದೆ ಹಗ್ಗವನ್ನು ಸುತ್ತಿಡಬಾರದು. ಮನುಷ್ಯ ಮಲಗುವ ಹಗ್ಗದಿಂದ ಬೇರೇನನ್ನೂ ಕಟ್ಟಬಾರದು. ಎಲ್ಲಕ್ಕಿಂತ ದೊಡ್ಡದು, ಹುರಿ ಬಿಡಿಸಿ ಒಳಗಿನ ಎಳೆ ನೋಡದೆ ಹಗ್ಗ ಪಾಸು ಮಾಡಬಾರದು. ಒಮ್ಮೆ ನಾನು ಹಾಗೆ ಮಾಡಿದ್ದಕ್ಕೆ ಉಸ್ತಾದ್ ನನ್ನ ಎಡಗೈ ಕಿರುಬೆರಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಜಗ್ಗಿದ್ದ. ಬೆರಳು ಈಗಲೂ ಸೊಟ್ಟ ಇದೆ. ಆಮೇಲೆ ಮಾತ್ರ ಒಂದು ಹಗ್ಗವನ್ನೂ ಒಳಗೆ ನೋಡದೆ ಬಿಟ್ಟವನಲ್ಲ. ಹೊಡೆತಕ್ಕೆ ಕಲಿತಷ್ಟು ಮನುಷ್ಯ ಮಾತಿಗೆ ಕಲಿಯುವುದಿಲ್ಲ.

೨೩ ಜೂನ್, ಮಂಗಳವಾರ

ನಿಪ್ಪಾಣಿಗೆ ಹೋಗಿ ತಂಬಾಕು ಕೂಡಿಡುವ ವಖಾರಿಯಿಂದ ನಾಲ್ಕು ಹಳೆಯ ಗೋಣಿಚೀಲ ತಂದೆ. ಒಳಗೆ ಇನ್ನೂ ತಂಬಾಕಿನ ಧೂಳಿದೆ. ಹಗ್ಗವನ್ನು ಇದರಲ್ಲಿ ತುಂಬಿಟ್ಟರೆ ಇಲಿ ಹತ್ತಿರ ಸುಳಿಯುವುದಿಲ್ಲ, ಹುಳ ಬೀಳುವುದಿಲ್ಲ. ಈ ಯುಕ್ತಿ ಪಲ್ಟನ್ನಿನ ಉಸ್ತಾದನಿಗೂ ಗೊತ್ತಿರಲಿಲ್ಲ. ನಮ್ಮ ಕಡೆಯವರಿಗೆ ಮಾತ್ರ ಗೊತ್ತು.

ಪ್ಯೂನ್ ಜ್ಞಾನದೇವನನ್ನು ನನ್ನ ಕೈಕೆಳಗೆ ಹಾಕಿದ್ದಾರೆ. ನಲವತ್ತೈದರ ಆಸಾಮಿ. ಕೊರಳಲ್ಲಿ ತುಳಸಿಮಾಲೆ, ವರ್ಷಕ್ಕೊಮ್ಮೆ ಪಂಢರಪುರ, ಬಾಯಲ್ಲಿ ಸದಾ ಏನೋ ಗುನುಗು. ಇವತ್ತು ಗುನುಗುತ್ತ ಬಂದವನು ನೇರ ಹಗ್ಗದ ಮೇಲೆ ಚಪ್ಪಲಿಗಾಲು ಇಟ್ಟ. ಎದ್ದು ಕೆನ್ನೆಗೆ ಒಂದು ಬಿಗಿದೆ. ಚೀಲಗಳ ಮೇಲೆ ಬಿದ್ದು ಸೀನತೊಡಗಿದ.

"ತಪ್ಪಾತ್ರಿ ಹವಾಲ್ದಾರ್ರ" ಅಂದ. ಅಷ್ಟೇ. ಸಿಟ್ಟಿಲ್ಲ, ಸೆಡವಿಲ್ಲ. ಇಂಥವರನ್ನು ಹೊಡೆದರೂ ಸಮಾಧಾನವಾಗುವುದಿಲ್ಲ.

೩ ಆಗಸ್ಟ್, ಸೋಮವಾರ

ನಾಗರಪಂಚಮಿ ರಜೆ ಮುಗಿಸಿ ಬಂದು ಹಗ್ಗ ಎಣಿಸಿದರೆ ಮೂವತ್ತೊಂಬತ್ತು. ಮೂವತ್ತೊಂದನೆಯ ನಂಬರು ಇಲ್ಲ. ಪಿತ್ತ ನೆತ್ತಿಗೇರಿತು. ಕೋಣೆಯ ಕೀಲಿ ನನ್ನ ಮನೆಯ ಗೂಟದಲ್ಲಿ. ಇನ್ನೊಂದು ಜ್ಞಾನದೇವನ ಹತ್ತಿರ. ಅವನ ಮನೆಯಲ್ಲಿ ಎಮ್ಮೆ ಇದೆ, ಎಮ್ಮೆಗೆ ಹಗ್ಗ ಬೇಕು. ಇನ್ನೇನು ಬಿಡಿಸಿ ನೋಡಬೇಕು?

"ಎಮ್ಮಿ ಕಟ್ಟಾಕ ನನ್ನ ಹಗ್ಗನ ಬೇಕಾಗಿತ್ತೇನಲೇ?"

"ನಾ ತಗೊಂಡಿಲ್ರಿ. ಪಾಂಡುರಂಗನ ಆಣಿ ಐತ್ರಿ."

ದೇವರ ಹೆಸರು ತೆಗೆದದ್ದೇ ನನಗೆ ಮೈ ಉರಿಯಿತು. ಕೈಗೆ ಸಿಕ್ಕ ಹಗ್ಗದಿಂದ ಅವನನ್ನು ಕೋಣೆಯ ಕಂಬಕ್ಕೆ ಬಿಗಿದೆ. ಬಾಗಿಲ ಅಗಳಿ ಹಾಕಿ ಸೊಂಟದ ಪಟ್ಟಾ ಬಿಚ್ಚಿದೆ. ಎಷ್ಟು ಹೊಡೆದೆ ಎಣಿಸಲಿಲ್ಲ. ಪ್ರತಿ ಏಟಿಗೂ "ಇಲ್ರಿ" ಅನ್ನುತ್ತಿದ್ದ. ಆ "ಇಲ್ರಿ" ಕೇಳಿದಷ್ಟೂ ಕೈ ಜೋರಾಯಿತು. ಕೊನೆಗೆ ಪಟ್ಟಾದ ಕೊಂಡಿ ಹುಬ್ಬಿಗೆ ತಾಗಿ ಚರ್ಮ ಬಿರಿಯಿತು. ರಕ್ತ ಮುಖದಿಂದ ಎದೆಗೆ, ಎದೆಯಿಂದ ಹಗ್ಗಕ್ಕೆ ಇಳಿಯಿತು. ಆಗ ನೋಡಿದೆ, ನಾನು ಕಟ್ಟಿದ್ದು ಹದಿನೇಳನೆಯ ನಂಬರು. ಝೋಲಾದ ಹಗ್ಗ.

ಅಷ್ಟರಲ್ಲಿ ಪಡಸಾಲೆಯಲ್ಲಿ ಪ್ರಿನ್ಸಿಪಾಲರ ಧ್ವನಿ ಕೇಳಿತು. ಪ್ಯೂನನನ್ನು ಕಟ್ಟಿ ಹೊಡೆದದ್ದು ಹೊರಬಿದ್ದರೆ ನನ್ನ ನೌಕರಿ ಅಂದೇ ಖಲಾಸ್. ಗಂಟು ಬಿಚ್ಚಿ ಕಿವಿಯಲ್ಲಿ ಹೇಳಿದೆ, "ಮಾರಿ ತೊಳಕೊ. ಹಗ್ಗಾನೂ ತೊಳದು ಚೀಲದ ತಳಕ್ಕ ಹಾಕು. ಹಿತ್ತಲ ಬಾಗಲದಿಂದ ಹೋಗು." ಅವನು ಬಕೆಟ್ಟಿನಲ್ಲಿ ಹಗ್ಗ ಅದ್ದಿ ಹಿಂಡಿ, ಹಾಗೇ ಚೀಲದ ತಳಕ್ಕೆ ತುರುಕಿ ಹೋದ. ಪ್ರಿನ್ಸಿಪಾಲರು ಒಳಗೆ ಬಂದು, ಕೋಣೆ ಅಚ್ಚುಕಟ್ಟಾಗಿದೆ ಎಂದು ಹೊಗಳಿದರು.

ಸಂಜೆ ಮನೆಗೆ ಬಂದರೆ ಹಿತ್ತಲ ಬೇವಿನ ಮರದಲ್ಲಿ ಪಂಚಮಿಯ ಜೋಕಾಲಿ ಇನ್ನೂ ಇದೆ. ಅದಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಹಿತ್ತಾಳೆ ಬಿಲ್ಲೆ. ಮೂವತ್ತೊಂದು.

ಮಗಳು ಗಿರಿಜಾ ಜೀಕುತ್ತಿದ್ದಳು. ಹದಿನೇಳು ತುಂಬಿದೆ, ನಮ್ಮ ಕಾಲೇಜಿನಲ್ಲೇ ಪಿಯುಸಿ ಓದುತ್ತಾಳೆ, ಅಪ್ಪನ ಗೂಟದಿಂದ ಕೀಲಿ ತೆಗೆಯುತ್ತಾಳೆ. ಜಡೆ ಹಿಡಿದು ಇಳಿಸಿದೆ. ಎರಡು ಏಟು ಬೀಳುವಷ್ಟರಲ್ಲಿ ಹೆಂಡತಿ ಶಿವಗಂಗಾ ನಡುವೆ ಬಂದಳು.

"ಹಗ್ಗ ಸಾಲಲಿಲ್ಲಾ, ತಗೊಂಡ ಬಾ ಅಂತ ನಾನ ಹೇಳಿದ್ದೆ. ಹೊಡಿಯೂದಿದ್ರ ನನ್ನ ಹೊಡೀರಿ."

ಹೊಡೆದೆ.

೪ ಆಗಸ್ಟ್, ಮಂಗಳವಾರ

ಜ್ಞಾನದೇವ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಬಂದ. ಸೈಕಲ್ಲಿನಿಂದ ಬಿದ್ದೆ ಎಂದು ಎಲ್ಲರಿಗೂ ಹೇಳಿದ್ದಾನೆ. ನಾನು ಕೇಳಿಕೊಂಡಿರಲಿಲ್ಲ.

"ಹಗ್ಗ ಸಿಕ್ಕೈತಿ" ಅಂದೆ. ಎಲ್ಲಿ ಎಂದು ಹೇಳಲಿಲ್ಲ.

"ಚಲೋ ಆತ್ರಿ" ಅಂದ. ಅವನ ಮುಖದಲ್ಲಿ ಕುಹಕ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಮತ್ತೆ ಬಂದು, "ನಿನ್ನೀ ಹಗ್ಗ ಹಸೀನ ಇಟ್ಟೀನ್ರಿ. ತಗದು ನೆಳ್ಳಿಗೆ ಹಾಕ್ಲೇನ್ರಿ?" ಎಂದು ಕೇಳಿದ. ಬಾಗಿಲಾಚೆ ಇಬ್ಬರು ಗುಮಾಸ್ತರು ಚಹಾ ಕುಡಿಯುತ್ತ ನಿಂತಿದ್ದರು. ಅವನ ಅಂಗಿ ಹಿಡಿದು ಒಳಗೆಳೆದೆ.

"ಇನ್ನೊಮ್ಮೆ ಆ ಹಗ್ಗದ ಸುದ್ದಿ ತಗದ್ರ ನಾಲಗಿ ಕಿತ್ತು ಕೈಯಾಗ ಕೊಡ್ತೀನಿ. ತಿಳೀತಿಲ್ಲೋ?"

"ತಿಳೀತ್ರಿ."

ನಾನೇ ನಾಳೆ ತೆಗೆದು ಒಣಗಿಸಬೇಕು.

೯ ಆಗಸ್ಟ್, ರವಿವಾರ

ಐದು ದಿನದಿಂದ ಜಿಟಿಜಿಟಿ ಮಳೆ. ಹಗ್ಗ ಒಣಗಿಸುವ ಮಾತೇ ಇಲ್ಲ.

ಮನೆಯಲ್ಲಿ ಶಿಸ್ತು ಬಂದಿದೆ. ನಾನು ಹೊಸ್ತಿಲು ದಾಟಿದರೆ ರೇಡಿಯೋ ತಾನಾಗಿ ನಿಲ್ಲುತ್ತದೆ. ಗಿರಿಜಾ ಪುಸ್ತಕ ಹಿಡಿದು ಒಳಕೋಣೆಗೆ ಹೋಗುತ್ತಾಳೆ. ಊಟಕ್ಕೆ ಕೂತರೆ ರೊಟ್ಟಿ ತಾನೇ ತಾಟಿಗೆ ಬೀಳುತ್ತದೆ, ಕೇಳುವ ಕೆಲಸವಿಲ್ಲ. ಮೊದಲೇ ಹೀಗೆ ಬಿಗಿ ಹಿಡಿದಿದ್ದರೆ ಚೆನ್ನಾಗಿತ್ತು. ಆದರೂ ಇವತ್ತು ಊಟ ಮಾಡುವಾಗ ಅಗಿಯುವ ಸದ್ದು ನನಗೇ ಬಹಳ ಜೋರಾಗಿ ಕೇಳಿಸಿತು.

೨೮ ಅಕ್ಟೋಬರ್, ಬುಧವಾರ

ಕಬ್ಬಿನ ಹಂಗಾಮು ಶುರುವಾಗಿದೆ. ರಾಯಬಾಗದ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಹೊರಟಿತ್ತು. ಆಳೆತ್ತರ ಕಬ್ಬು ಹೇರಿ, ಸವೆದು ನಾರು ಎದ್ದ ಹಗ್ಗದಿಂದ ಬಿಗಿದಿದ್ದರು. ಹಿಂದೆಯೇ ಶಾಲೆಯ ಮಕ್ಕಳು ಕಬ್ಬು ಜಗ್ಗುತ್ತ ಓಡುತ್ತಿದ್ದವು. ಸೈಕಲ್ ಬಿಸಾಕಿ ಗಾಡಿಯವನನ್ನು ಕೆಳಗೆಳೆದೆ.

"ಹಗ್ಗ ಹರದ್ರ ಆ ಕೂಸುಗಳ ಗತಿ ಏನಲೇ?" ಎಂದು ಅವನದೇ ಬಾರುಕೋಲಿನಿಂದ ಬಾರಿಸಿದೆ.

ಹಿಂದಿನ ಗಾಡಿಗಳಿಂದ ಮೂವರು ಇಳಿದು ಬಂದರು. ಕಬ್ಬಿನ ಜಲ್ಲೆ ಮುರಿದು ಮುರಿದು ಹೊಡೆದರು. ಒಬ್ಬ ಎದೆಯ ಮೇಲೆ ಕೂತ. ಬಾಯಲ್ಲಿ ಮಣ್ಣು, ಮಣ್ಣಿನಲ್ಲಿ ಒಂದು ಹಲ್ಲು. ಹೊಡೆಸಿಕೊಳ್ಳುವಾಗ ಮನುಷ್ಯನಿಗೆ ಹೊಡೆಯುವವನ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಇದನ್ನು ಯಾಕೆ ಬರೆದೆನೋ.

ಮನೆಗೆ ಬಂದಾಗ ಶಿವಗಂಗಾ, "ಏನಾತ್ರಿ?" ಅಂದಳು. ತಂಬಿಗೆ ಎಸೆದೆ. ಅವಳ ಮೊಣಕೈಗೆ ತಾಗಿತು.

೧೯ ನವೆಂಬರ್, ಗುರುವಾರ

ಡಿಸೆಂಬರಿನಲ್ಲಿ ಶಿಬಿರ. ಇವತ್ತು ಹಗ್ಗಗಳ ದೊಡ್ಡ ತಪಾಸಣೆ. ಬೆಳಗ್ಗೆ ಎಂಟಕ್ಕೆ ಕೂತು ಒಂದೊಂದನ್ನೇ ಗೇಣುಗೇಣಿಗೆ ತಿರುವಿ, ಹುರಿ ಬಿಡಿಸಿ, ಒಳಗಿನ ಎಳೆ ಕಣ್ಣಿಗೆ ಹಿಡಿದು ನೋಡಿದೆ. ಬೆರಳ ತುದಿಯ ಚರ್ಮ ಹೋಗಿದೆ. ಎರಡರಲ್ಲಿ ಎಳೆ ಸವೆದಿತ್ತು, ಅಲ್ಲೇ ಕೊಯ್ದು ಬಿಸಾಕಿ ಹೊಸದಕ್ಕೆ ಬಿಲ್ಲೆ ಕಟ್ಟಿದೆ. ಜೋಕಾಲಿಯ ಮೂವತ್ತೊಂದೂ ಹೋಯಿತು.

ಚೀಲದ ತಳದಿಂದ ಕೊನೆಗೆ ಹದಿನೇಳು ಬಂತು. ಹೊರಗೆ ಗಟ್ಟಿಯಾಗಿತ್ತು. ಮೂಗಿಗೆ ಹಿಡಿದೆ, ತಂಬಾಕಿನ ಘಾಟು ಬಿಟ್ಟು ಬೇರೆ ವಾಸನೆ ಬರಲಿಲ್ಲ. ಮಧ್ಯದಲ್ಲಿ ಒಂದು ಕಡೆ ಕಂದು ಕಲೆ ಹಾಗೇ ಉಳಿದಿತ್ತು. ಜ್ಞಾನದೇವ ಎದುರಿಗೇ ಕೂತು ಬಳೆಗಳ ತುಕ್ಕು ಉಜ್ಜುತ್ತಿದ್ದ. ತಲೆ ಎತ್ತಿ ಹಗ್ಗ ನೋಡಿದ, ನನ್ನನ್ನು ನೋಡಿದ, ಮತ್ತೆ ಬಳೆ ಉಜ್ಜತೊಡಗಿದ. ಅವನ ಹುಬ್ಬಿನಲ್ಲಿ ಕೂದಲು ಬೆಳೆಯದ ಗೆರೆಯೊಂದು ನಿಂತುಬಿಟ್ಟಿದೆ.

ಹೊತ್ತಾಗಿತ್ತು. ಹದಿನೇಳನ್ನು ಸುತ್ತಿ ಉಳಿದವುಗಳ ಜೊತೆ ಇಟ್ಟೆ. ರಜಿಸ್ಟರಿನಲ್ಲಿ ನಲವತ್ತೂ ಪಾಸು ಎಂದು ಸಹಿ ಮಾಡಿದೆ.

೨೦ ಡಿಸೆಂಬರ್, ರವಿವಾರ

ಶಿಬಿರ ನಡೆಸುವ ಕಾಡಸಿದ್ದ ಮಾಸ್ತರರು ಮನೆಗೆ ಬಂದಿದ್ದರು. ಈ ಸಲ ಹುಡುಗಿಯರನ್ನೂ ಕರೆದೊಯ್ಯುತ್ತಾರಂತೆ, ಇಬ್ಬರು ಲೇಡಿ ಮಾಸ್ತರರು ಇರುತ್ತಾರಂತೆ. ಗಿರಿಜಾಳ ಹೆಸರು ಕೊಡಿ ಎಂದರು. ಆಕೆ ಬಾಗಿಲ ಹಿಂದೆ ನಿಂತದ್ದು ಗೊತ್ತಿತ್ತು, ಬಳೆಯ ಸದ್ದು ಕೇಳುತ್ತಿತ್ತು. ಹೂಂ ಅಂದೆ. ಆಗಸ್ಟಿನಿಂದೀಚೆ ಆಕೆ ನನ್ನ ಎದುರು ನಕ್ಕದ್ದನ್ನು ಇವತ್ತೇ ನೋಡಿದ್ದು. ನನಗೆ ಬಹಳ ಸಂತೋಷವಾಯಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಶಿವಗಂಗಾ ಕೇಳಿದಳು, "ಹಗ್ಗ ಎಲ್ಲಾ ನೋಡೀರೇನ್ರಿ?"

"ನಲವತ್ತೂ ನೋಡೀನಿ."

ಸುಳ್ಳೇನಲ್ಲ. ನೋಡಿದ್ದೇನೆ. ಒಂದರ ಒಳಗೆ ಮಾತ್ರ ನೋಡಿಲ್ಲ. ಗುಡ್ಡಕ್ಕೆ ಹೋದ ಮೇಲೆ ನೋಡಿದರಾಯಿತು.

೨೬ ಡಿಸೆಂಬರ್, ಶನಿವಾರ

ನಿಪ್ಪಾಣಿ ಆಚೆಯ ಗುಡ್ಡ. ಒಣಹಳ್ಳದ ಪಕ್ಕ ಡೇರೆ ಹಾಕಿದ್ದೇವೆ. ಹುಡುಗರು ನಾನು ಝೋಲಾಕ್ಕೆ ಹಾಕಿದ ಗಂಟು ನೋಡಿ ಬೆರಗಾಗಿದ್ದಾರೆ. "ಹಳ್ಳದ ಮ್ಯಾಲೆ ಕಟ್ಟಾಕ ಬರ್ತೈತೇನ್ರಿ ಹವಾಲ್ದಾರ್ರ?" ಎಂದು ಒಬ್ಬ ಕೇಳಿದ. ಬರ್ತೈತೇನು ಅಂತೆ! ನಾಳೆ ತೋರಿಸುತ್ತೇನೆ.

೨೭ ಡಿಸೆಂಬರ್

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಬೆಳಗ್ಗೆ ಹಳ್ಳದ ಎರಡು ದಂಡೆಯ ಮರಗಳಿಗೆ ಝೋಲಾ ಕಟ್ಟಲು ನಿಂತೆ. ಕೆಳಗೆ ಒಂದೂವರೆ ಆಳು ಆಳ, ಬರೀ ಬಂಡೆ. ಎಲ್ಲರೂ ಸುತ್ತ ನೆರೆದಿದ್ದರು. ಗಿರಿಜಾ ತನ್ನ ಗೆಳತಿಯರಿಗೆ, "ನಮ್ಮಪ್ಪ ಕಟ್ಟಿದ್ದು ಆನಿ ಕುಂತ್ರೂ ಹರಿಯಾಂಗಿಲ್ಲ" ಎನ್ನುತ್ತಿದ್ದಳು. ಅದನ್ನು ಕೇಳಿ ನಾನು ಉಬ್ಬಿಹೋದೆ.

ಹಗ್ಗ ಕೊಡುತ್ತಿದ್ದವನು ಜ್ಞಾನದೇವ. ಒಂದು ಕೊಟ್ಟ. ಎರಡನೆಯದನ್ನು ಕೈಯಲ್ಲಿ ಹಿಡಿದು ನಿಂತೇಬಿಟ್ಟ.

"ಹವಾಲ್ದಾರ್ರ, ಇದು..."

ನನಗೆ ಬಿಲ್ಲೆ ಕಂಡಿತು. ಹದಿನೇಳು. ನಲವತ್ತು ಮಂದಿ ನೋಡುತ್ತಿದ್ದರು, ಪಕ್ಕದಲ್ಲೇ ಕಾಡಸಿದ್ದ ಮಾಸ್ತರರು ಇದ್ದರು. ಇವನು ಈಗ ಬಾಯಿಬಿಟ್ಟರೆ ಕಂಬಕ್ಕೆ ಕಟ್ಟಿದ್ದೂ ಹೊರಬರುತ್ತದೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ಬೇರೇನೂ ಹೊಳೆಯಲಿಲ್ಲ. ಕೈ ಎತ್ತಿದೆ.

"ಕೊಡಲೇ."

ಕೊಟ್ಟ. ಕಟ್ಟಿದೆ. ಮೊದಲು ನಾನೇ ಹತ್ತಿ ಮಲಗಿ ತೋರಿಸಿದೆ. ತಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಊಟವಾದ ಮೇಲೆ ಗಿರಿಜಾ ಹತ್ತಿದಳು. ಪಂಚಮಿಯ ಜೋಕಾಲಿಯಲ್ಲಿ ಜೀಕುತ್ತಿದ್ದಳಲ್ಲ, ಹಾಗೇ ಜೀಕಿದಳು. ನಕ್ಕಳು. ಕೋಲು ಮುರಿದಂಥ ಸದ್ದಾಗಲಿಲ್ಲ, ಹಳೆಯ ಬಟ್ಟೆ ಹರಿದಂಥ ಸದ್ದು. ಆಮೇಲೆ ಬಂಡೆಯ ಮೇಲೆ ಬಿದ್ದ ಸದ್ದು. ಅದನ್ನು ಬರೆಯಲಾರೆ.

ಒಂದು ಮಾತು ಬರೆಯಲೇಬೇಕು. ಯಾರೂ ಓದುವುದಿಲ್ಲವಲ್ಲ. ನಾನು ಮೊದಲು ಮಗಳ ಹತ್ತಿರ ಹೋಗಲಿಲ್ಲ. ಮೊದಲು ಜ್ಞಾನದೇವನ ಹತ್ತಿರ ಓಡಿದೆ. ಕೆಳಗೆ ಆಕೆ "ಅಪ್ಪಾ, ಅಪ್ಪಾ" ಎಂದು ಒದರುತ್ತಿದ್ದಳು, ನಾನು ಮೇಲೆ ಅವನನ್ನು ಕೆಡವಿ ಎದೆಯ ಮೇಲೆ ಕೂತು ಗುದ್ದುತ್ತಿದ್ದೆ. ಮೂಗು ಒಡೆಯಿತು. ತುಳಸಿಮಾಲೆ ಹರಿದು ಮಣಿಗಳೆಲ್ಲ ಉರುಳಿ ಹೋದವು.

"ಗೊತ್ತಿತ್ತಲ್ಲಲೇ ನಿನಗ! ಯಾಕ ಹೇಳಲಿಲ್ಲಾ?"

ಅವನು ರಕ್ತ ಉಗುಳಿ ಹೇಳಿದ, "ಆ ಹಗ್ಗದ ಸುದ್ದಿ ತಗದ್ರ ನಾಲಗಿ ಕಿತ್ತು ಕೈಯಾಗ ಕೊಡ್ತೀನಿ ಅಂದಿದ್ರೆಲ್ರಿ."

ನನ್ನ ಕೈ ಮೇಲೆಯೇ ಉಳಿಯಿತು. ಯಾರೋ ಬಂದು ನನ್ನನ್ನು ಎಬ್ಬಿಸಿದರು. ಅವನು ಎದ್ದು, ಮೂಗು ಒರೆಸಿಕೊಂಡು, ಹಳ್ಳಕ್ಕೆ ಇಳಿದ. ಗಿರಿಜಾಳ ಬಲತೊಡೆ ನಡುವೆ ಮುರಿದು ಕಾಲು ಅತ್ತ ತಿರುಗಿತ್ತು. ಕಾಲಿಗೆ ಎರಡು ಕೋಲು ಕಟ್ಟಿ, ಇನ್ನೊಂದು ಝೋಲಾದಲ್ಲಿ ಮಲಗಿಸಿ, ಅವನೂ ಮೂವರು ಹುಡುಗರೂ ರಸ್ತೆಯವರೆಗೆ ಹೊತ್ತರು. ಮುಂದಿನ ಬಲಗಡೆ ಹೆಗಲು ಅವನದು. ನಾನು ಹಿಂದೆ ನಡೆದೆ.

ಹರಿದ ತುದಿ ನನ್ನ ಜೇಬಿನಲ್ಲಿದೆ. ಹುರಿ ಬಿಡಿಸಿದೆ. ಒಳಗೆಲ್ಲ ಕಪ್ಪು. ಬೆರಳಲ್ಲಿ ತಿಕ್ಕಿದರೆ ನಶ್ಯದಂತೆ ಉದುರುತ್ತದೆ. ಈಗಲೂ ತಂಬಾಕಿನ ವಾಸನೆಯೇ ಬರುತ್ತಿದೆ.

೧ ಜನವರಿ ೧೯೮೮, ಶುಕ್ರವಾರ

ಮಿರಜಿನ ಆಸ್ಪತ್ರೆ. ತೊಡೆಯ ಮೂಳೆ ಕೂಡಲು ಮೂರು ತಿಂಗಳಂತೆ. ಕಾಲು ಮೊದಲಿನಂತಾಗುತ್ತದೋ ಇಲ್ಲವೋ ಈಗಲೇ ಹೇಳಲು ಬರುವುದಿಲ್ಲವಂತೆ.

ಹಗ್ಗ ಹಳೆಯದಿತ್ತು ಎಂದು ಬರೆದುಕೊಡಿ, ಮುಗಿಸೋಣ ಎಂದು ಪ್ರಿನ್ಸಿಪಾಲರು ಹೇಳಿಕಳಿಸಿದ್ದರು. ರಜಿಸ್ಟರು ತರಿಸಿ ಹದಿನೇಳರ ಮುಂದೆ ಬರೆದೆ: 'ಆಗಸ್ಟ್ ೩ರಂದು ಪ್ಯೂನ್ ಜ್ಞಾನದೇವನನ್ನು ಕಟ್ಟಿ ಹೊಡೆಯಲು ನಾನು ಬಳಸಿದೆ. ಒದ್ದೆಯಾಗಿ ಇಡಿಸಿದೆ. ಒಣಗಿಸುತ್ತೇನೆ ಎಂದವನ ಬಾಯಿ ಮುಚ್ಚಿಸಿದೆ. ಒಳಗೆ ನೋಡದೆ ಪಾಸು ಮಾಡಿದೆ.' ಸಹಿ ಹಾಕಿ ಕಳಿಸಿದೆ. ರಜಿಸ್ಟರಿನಲ್ಲಿ ಹಗ್ಗದ ಸುದ್ದಿ ಸರಿಯಾಗಿ ಇರಬೇಕು, ಅದಕ್ಕೆ.

ಗಿರಿಜಾ ನನ್ನ ಹತ್ತಿರ ಮಾತಾಡಿಲ್ಲ.

೬ ಜನವರಿ, ಬುಧವಾರ

ಕೆಲಸದಿಂದ ತೆಗೆದ ಕಾಗದ ಬಂತು. ಶಿವಗಂಗಾ ನನ್ನಿಂದ ಓದಿಸಿ ಕೇಳಿಸಿಕೊಂಡಳು. ಕಾಗದ ಮಡಚಿ ನನ್ನ ಕೈಗೇ ಕೊಟ್ಟಳು.

ಜ್ಞಾನದೇವ ಆಸ್ಪತ್ರೆಗೆ ಬಂದಿದ್ದ. ಮಗಳಿಗೆ ಪೇರಲಹಣ್ಣು ತಂದಿದ್ದ. ಆಕೆ ಅವನ ಜೊತೆ ಒಂದು ಗಂಟೆ ಮಾತಾಡಿದಳು. ನಾನು ಪಡಸಾಲೆಯಲ್ಲಿ ಕೂತಿದ್ದೆ. ಹೋಗುವಾಗ, "ಬರ್ತೀನ್ರಿ ಹವಾಲ್ದಾರ್ರ" ಅಂದ. ತಪ್ಪಾಯಿತು ಎನ್ನಬೇಕೆಂದು ಎದ್ದು ನಿಂತೆ. ನಾನು ಎದ್ದದ್ದಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ನಾನು ಮತ್ತೆ ಕೂತುಬಿಟ್ಟೆ.

೯ ಜನವರಿ, ಶನಿವಾರ

ಗಿರಿಜಾಳ ಕಾಲಿಗೆ ತೂಕ ಕಟ್ಟಿದ್ದಾರೆ. ಮಂಚದ ತುದಿಯಲ್ಲಿ ಸಣ್ಣದೊಂದು ಗಾಲಿ, ಅದರ ಮೇಲಿಂದ ಹಗ್ಗ, ಹಗ್ಗದ ತುದಿಗೆ ಮರಳಿನ ಚೀಲ. ಎಂಟು ದಿನದಿಂದ ನೋಡುತ್ತಿದ್ದೇನೆ. ಹಗ್ಗ ಗಾಲಿಯ ಅಂಚಿಗೆ ಉಜ್ಜುತ್ತಿದೆ ಅನ್ನಿಸಿತು. ಇವತ್ತು ಮಧ್ಯಾಹ್ನ ಹತ್ತಿರ ಹೋಗಿ, ಮುಟ್ಟಿ ನೋಡೋಣವೆಂದು ಕೈ ಎತ್ತಿದೆ.

ಗಿರಿಜಾ ಎರಡೂ ತೋಳಿನಿಂದ ಮುಖ ಮುಚ್ಚಿಕೊಂಡಳು. ಮೈ ಹಿಡಿಯಾಗಿ ಕುಗ್ಗಿತು, ಕಾಲು ಜಗ್ಗಿ ಚೀರಿದಳು. ನರ್ಸ್ ಓಡಿ ಬಂದಳು.

"ಕೈ ಇಳಸ್ರಿ" ಅಂದಳು ಶಿವಗಂಗಾ.

"ಹಗ್ಗ ನೋಡಾಕತ್ತಿದ್ದೆ."

"ಆಕೀಗೇನ್ ಗೊತ್ತು? ಇನ್ಮ್ಯಾಲೆ ಹೇಳಿ ಎತ್ರಿ."

ಹೊರಗೆ ಬೆಂಚಿನ ಮೇಲೆ ಕೂತು ನನ್ನ ಕೈಯನ್ನು ಬಹಳ ಹೊತ್ತು ನೋಡಿದೆ. ಉಸ್ತಾದ್ ಸೊಟ್ಟ ಮಾಡಿದ ಕಿರುಬೆರಳು ಇರುವುದು ಎಡಗೈಯಲ್ಲಿ. ಎತ್ತಿದ್ದು ಬಲಗೈ.

ಸಂಜೆ ಮತ್ತೆ ಹೋದೆ. ಮಂಚದ ಹತ್ತಿರ ನಿಂತು, "ಗಿರಿಜಾ, ಹಗ್ಗ ನೋಡ್ತೀನವ್ವಾ" ಎಂದು ಹೇಳಿದೆ. ಆಕೆ ಹೂಂ ಅಂದಳು. ಹಾಗೆ ಅಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮೆಲ್ಲಗೆ ಕೈ ಎತ್ತಿ, ಗಾಲಿಯಿಂದ ಗಂಟಿನವರೆಗೆ ಬೆರಳಾಡಿಸಿದೆ. ಎಲ್ಲೂ ಎಳೆ ಎದ್ದಿಲ್ಲ.

ಹಗ್ಗ ಗಟ್ಟಿಯಾಗಿದೆ. ನಾನು ಕೈ ಇಳಿಸಿ ಬಾಗಿಲವರೆಗೆ ಬಂದು ತಿರುಗಿ ನೋಡಿದಾಗಲೂ ಆಕೆ ಕಣ್ಣು ತೆರೆದಿರಲಿಲ್ಲ.